ನಿನ್ನ ಮೀಟರ್ ಎಷ್ಟು ಕುಡಿಯುತ್ತೆ?

ಕಾಶಿಯಲ್ಲಿದ್ದೇನೆ ಎಂದ ಕೂಡಲೇ ಊರಿನವರು ಕೇಳುವ ಪ್ರಶ್ನೆ ಒಂದೇ: ‘ದಿನಾ ಗಂಗಾಸ್ನಾನವಾ?’ ಇಲ್ಲ ಸ್ವಾಮಿ. ನಾನಿರುವುದು ಘಾಟ್‌ಗಳಿಂದ ನಾಲ್ಕೈದು ಕಿಲೋಮೀಟರ್ ದೂರದ ಬಡಾವಣೆಯಲ್ಲಿ. ಸಬ್‌ಸ್ಟೇಷನ್ ಕಾಮಗಾರಿ ಮಾಡುವ ಖಾಸಗಿ ಕಂಪನಿಯೊಂದರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್. ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆ ಸೇರುವುದು ಸಂಜೆ ಏಳಕ್ಕೆ. ಏಳು ವರ್ಷಗಳಲ್ಲಿ ಗಂಗೆಯಲ್ಲಿ ಮುಳುಗಿದ್ದು ಬೆರಳೆಣಿಕೆಯಷ್ಟು ಸಲ, ಅದೂ ಊರಿನಿಂದ ನೆಂಟರು ಬಂದಾಗ.

ಇಲ್ಲಿ ನನಗೆ ಸಿಗದೇ ಹೋದದ್ದು ಮೌನ. ಹುಟ್ಟಿ ಬೆಳೆದದ್ದು ಸಾಗರದಲ್ಲಿ. ಅಲ್ಲಿ ಮಳೆಗಾಲದ ಶಬ್ದ ಬಿಟ್ಟರೆ ಬೇರೆ ಗಲಾಟೆ ಇರಲಿಲ್ಲ. ವಾರಾಣಸಿಯಲ್ಲಿ ಮದುವೆಯ ಬ್ಯಾಂಡು, ಇ-ರಿಕ್ಷಾಗಳ ಹಾರನ್ನು, ಕರೆಂಟ್ ಹೋದರೆ ಎದುರು ಮನೆಯ ಜನರೇಟರು. ಸಂಗೀತದ ಊರು ಎಂದು ಹೆಸರಾದ ಈ ಊರಿನಲ್ಲಿ ಮನೆಯಲ್ಲಿ ಕೂತು ಸಂಗೀತ ಕೇಳುವುದೇ ಕಷ್ಟ. ಹಾಗಾಗಿ ಹೆಡ್‌ಫೋನ್ ಹುಚ್ಚು ಹತ್ತಿತು. ಆ ಹುಚ್ಚು 900 ವೋಲ್ಟ್‌ವರೆಗೆ ಏರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಬಾಚಣಿಗೆ ಮತ್ತು ಕಾಗದದ ಚೂರು

ಸಾಮಾನ್ಯ ಹೆಡ್‌ಫೋನ್ ಒಳಗೆ ಒಂದು ಅಯಸ್ಕಾಂತ, ಒಂದು ತಂತಿ ಸುರುಳಿ, ಅದಕ್ಕೆ ಅಂಟಿದ ಪೊರೆ ಇರುತ್ತದೆ. ಒಂದು ವೋಲ್ಟ್ ಆಸುಪಾಸಿನಲ್ಲಿ ಅದು ಹಾಡುತ್ತದೆ. ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್‌ನಲ್ಲಿ ಅಯಸ್ಕಾಂತವೂ ಇಲ್ಲ, ಸುರುಳಿಯೂ ಇಲ್ಲ. ಶಾಲೆಯಲ್ಲಿ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳನ್ನು ಎಳೆಯುತ್ತಿದ್ದೆವಲ್ಲ, ಅದೇ ತತ್ತ್ವ. ಒಂದೆರಡು ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆಗೆ ಸ್ಥಿರ ವಿದ್ಯುತ್ ತುಂಬಿಸಿ, ರಂಧ್ರಗಳಿರುವ ಎರಡು ಲೋಹದ ತಟ್ಟೆಗಳ ನಡುವೆ ಬಿಗಿಯುತ್ತಾರೆ. ತಟ್ಟೆಗಳಿಗೆ ಸಂಗೀತದ ಸಂಕೇತ ಕೊಟ್ಟರೆ ಒಂದು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಪೊರೆ ಎಷ್ಟು ಹಗುರವೆಂದರೆ ತಂಬೂರಿಯ ತಂತಿ ಮಿಡಿದು ನಿಲ್ಲುವವರೆಗಿನ ಪ್ರತಿ ಕಂಪನವನ್ನೂ ಅದು ಹಿಂಬಾಲಿಸುತ್ತದೆ.

ಜಪಾನಿನ ಸ್ಟ್ಯಾಕ್ಸ್ ಕಂಪನಿ 1960ರಲ್ಲೇ ಇಂಥ ಹೆಡ್‌ಫೋನ್ ಮಾರುಕಟ್ಟೆಗೆ ತಂದಿತ್ತು. ಈಗಿನ ಮಾದರಿಗಳ ಪೊರೆಗೆ 580 ವೋಲ್ಟ್ ಬಯಾಸ್ ಬೇಕು. ಜೋರಾಗಿ, ಅಂದರೆ ಸುಮಾರು 100 ಡೆಸಿಬಲ್ ಮಟ್ಟದಲ್ಲಿ ಹಾಡಿಸಲು ತಟ್ಟೆಗಳಿಗೆ 100 ವೋಲ್ಟ್ ಸಂಕೇತ ಬೇಕು. ಮೊಬೈಲಿಗೆ ಚುಚ್ಚಿದರೆ ಕೆಲಸ ಮಾಡುವುದಿಲ್ಲ. ಪ್ರತ್ಯೇಕ ಆಂಪ್ಲಿಫೈಯರ್ ಬೇಕು, ಅದರ ಬೆಲೆ ಹೆಡ್‌ಫೋನಿಗಿಂತಲೂ ಹೆಚ್ಚಾಗುವುದುಂಟು.

ಬೆಂಗಳೂರಿನ ಗೆಳೆಯನೊಬ್ಬ ತನ್ನ ಹಳೆಯ ಸ್ಟ್ಯಾಕ್ಸ್ ಮಾರಿದಾಗ ಹೆಂಡತಿಗೆ ಅರ್ಧ ಬೆಲೆ ಹೇಳಿ ಕೊಂಡೆ. ಆಂಪ್ಲಿಫೈಯರಿಗೆ ದುಡ್ಡು ಉಳಿಯಲಿಲ್ಲ. ಅಮೆರಿಕದ ಕೆವಿನ್ ಗಿಲ್ಮೋರ್ ಎಂಬವರು ಇಂಥ ಆಂಪ್ಲಿಫೈಯರ್‌ಗಳ ವಿನ್ಯಾಸವನ್ನು ಹವ್ಯಾಸಿಗಳ ಮುಂದೆ ತೆರೆದಿಟ್ಟಿದ್ದಾರೆ. ಅವರ ಕೆಜಿಎಸ್‌ಎಸ್‌ಎಚ್‌ವಿ ವಿನ್ಯಾಸವನ್ನು ಆರಿಸಿಕೊಂಡೆ. ವಿದ್ಯುತ್ ಪೂರೈಸುವ ಭಾಗವನ್ನು ಮಾತ್ರ ನಾನೇ ವಿನ್ಯಾಸ ಮಾಡಿದೆ. ‘33 ಕಿಲೋವೋಲ್ಟ್ ಜೊತೆ ಏಗುವವನಿಗೆ ಇದೇನು ಮಹಾ’ ಎಂಬ ಧಿಮಾಕು ಇತ್ತು.

ಒಂದು ಕೈ ಜೇಬಿನಲ್ಲಿ

ಈ ವಿದ್ಯೆಯ ಮೊದಲ ಪಾಠ ಆಗಿದ್ದು ಎಂಜಿನಿಯರಿಂಗ್ ಕಾಲೇಜಿನಲ್ಲಲ್ಲ, ಅಪ್ಪನ ಅಂಗಡಿಯಲ್ಲಿ. ಸಾಗರದಲ್ಲಿ ಅಪ್ಪನದು ರೇಡಿಯೊ ರಿಪೇರಿ ಅಂಗಡಿ. ಮರ್ಫಿ, ಫಿಲಿಪ್ಸ್, ಬುಷ್ ಸೆಟ್ಟುಗಳು ಗೋಡೆಯುದ್ದಕ್ಕೂ ಬಾಯಿ ತೆರೆದು ಕೂತಿರುತ್ತಿದ್ದವು. ವಾಲ್ವ್ ರೇಡಿಯೊ ಒಳಗೆ 250 ವೋಲ್ಟ್ ಡಿಸಿ ಓಡಾಡುತ್ತದೆ. ಅದರೊಳಗೆ ಕೈ ಹಾಕುವಾಗ ಅಪ್ಪ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅದು ಅವರ ಸ್ಟೈಲ್ ಎಂದುಕೊಂಡಿದ್ದೆ. ‘ಒಂದು ಕೈಯಲ್ಲಿ ಮುಟ್ಟಿದರೆ ಕೈ ಸುಡುತ್ತೆ. ಎರಡೂ ಕೈ ಮುಟ್ಟಿದರೆ ಕರೆಂಟು ಎದೆ ಮೇಲೆ ಹಾದುಹೋಗುತ್ತೆ ಮಾರಾಯ’ ಎಂದು ಒಮ್ಮೆ ವಿವರಿಸಿದರು. ತೊಂಬತ್ತರ ದಶಕದ ಕೊನೆಗೆ ಅಂಗಡಿ ಮುಚ್ಚಿತು. ಆ ಅಭ್ಯಾಸ ಮಾತ್ರ ನನ್ನಲ್ಲಿ ಉಳಿಯಿತು.

ನನ್ನ ಆಂಪ್ಲಿಫೈಯರಿನಲ್ಲಿ ಎರಡು ರೈಲುಗಳು, ಒಂದು +450 ವೋಲ್ಟ್, ಇನ್ನೊಂದು −450. ತುದಿಯಿಂದ ತುದಿಗೆ 900. ಪ್ರತಿ ರೈಲಿಗೂ 470 ಮೈಕ್ರೊಫ್ಯಾರಡ್‌ನ ಎರಡು ಕೆಪಾಸಿಟರ್‌ಗಳನ್ನು ಸರಣಿಯಲ್ಲಿ ಜೋಡಿಸಿದ್ದೆ. ರೆಗ್ಯುಲೇಟರಿಗೆ ಮೊದಲು ಅಲ್ಲಿರುವುದು 500 ವೋಲ್ಟ್. ಲೆಕ್ಕ ಹಾಕಿದರೆ ಎರಡೂ ಕಡೆ ಸೇರಿ ಸುಮಾರು 59 ಜೂಲ್ ಶಕ್ತಿ. ಒಂದು ಕಿಲೋ ಕಲ್ಲನ್ನು ಆರು ಮೀಟರ್ ಮೇಲಿನಿಂದ ಬಿಟ್ಟಷ್ಟು. ಸ್ವಿಚ್ ಆಫ್ ಮಾಡಿದರೂ ಆ ಕಲ್ಲು ಮೇಲೇ ನಿಂತಿರುತ್ತದೆ. ಪ್ರತಿ ಕೆಪಾಸಿಟರ್‌ಗೂ 220 ಕಿಲೋ ಓಮ್‌ನ ಬ್ಲೀಡರ್ ರೆಸಿಸ್ಟರ್ ಹಾಕಿದೆ. ಅದರಿಂದಲೂ 500 ವೋಲ್ಟ್ 50ಕ್ಕೆ ಇಳಿಯಲು ನಾಲ್ಕು ನಿಮಿಷ ಬೇಕು.

ಹೆಂಡತಿ ಎರಡು ಷರತ್ತು ಹಾಕಿದಳು. ಐದು ವರ್ಷದ ಮಗಳು ಎಚ್ಚರವಿರುವಾಗ ಪೆಟ್ಟಿಗೆಯ ಮುಚ್ಚಳ ತೆಗೆಯಬಾರದು. ಮನೆಯಲ್ಲಿ ನಾನೊಬ್ಬನೇ ಇರುವಾಗ ಆನ್ ಮಾಡಬಾರದು. ಎರಡನೆಯದು ಸಬ್‌ಸ್ಟೇಷನ್ನಿನಲ್ಲೂ ಇರುವ ನಿಯಮವೇ. ಅಲ್ಲಿ ಪರ್ಮಿಟ್ ಇಲ್ಲದೆ, ಅರ್ತ್ ರಾಡ್ ತಗುಲಿಸದೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಮನೆಯ ಮೇಜಿನ ಮೇಲೆ ಪರ್ಮಿಟ್ ಕೊಡುವವರು ಯಾರು?

ಜೋಡಿಸಲು ಎಂಟು ತಿಂಗಳು ಹಿಡಿಯಿತು. ಮೊದಲ ಬಾರಿ ಕರೆಂಟ್ ಕೊಟ್ಟಾಗ ಅಪ್ಪನ ಉಪಾಯವನ್ನೇ ಬಳಸಿದೆ. 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿ ಹಾಕುವುದು. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಝಗ್ಗನೆ ಉರಿದು ಕರೆಂಟನ್ನು ತಾನೇ ನುಂಗುತ್ತದೆ, ಸರ್ಕ್ಯೂಟ್ ಬದುಕುತ್ತದೆ. ಎಲ್‌ಇಡಿ ಕಾಲದಲ್ಲಿ ಅಂಥ ಬಲ್ಬ್ ಹುಡುಕಲು ದಾಲ್ ಮಂಡಿಯಲ್ಲಿ ಅರ್ಧ ದಿನ ಅಲೆದೆ. ಮೊದಲ ಸಲ ಬಲ್ಬ್ ಝಗ್ಗನೆ ಉರಿಯಿತು. ಒಂದು ಕಾಲು ವ್ಯಾಟ್ ರೆಸಿಸ್ಟರಿಗೆ 450 ವೋಲ್ಟ್ ಹೊರಿಸಿದ್ದೆ. ಅಂಥ ರೆಸಿಸ್ಟರಿನ ತಾಳಿಕೆ ಸಾಮಾನ್ಯವಾಗಿ 250 ವೋಲ್ಟ್ ಮಾತ್ರ. ಅದು ಕೈಕೊಟ್ಟ ಕೂಡಲೇ ಅದರ ಹಿಂದಿದ್ದ ಟ್ರಾನ್ಸಿಸ್ಟರೂ ಶಾರ್ಟ್ ಆಗಿತ್ತು. ಒಂದರ ಬದಲು ಮೂರನ್ನು ಸರಣಿಯಲ್ಲಿ ಹಾಕಿದೆ, ಟ್ರಾನ್ಸಿಸ್ಟರ್ ಬದಲಿಸಿದೆ. ಎರಡನೇ ಸಲ ಬಲ್ಬ್ ಒಮ್ಮೆ ಮಿನುಗಿ ಮಂಕಾಯಿತು. ಆ ಮಂಕು ಬೆಳಕಿನಷ್ಟು ಸಂತೋಷ ಕೊಟ್ಟ ಬೆಳಕು ಇನ್ನೊಂದಿಲ್ಲ.

395 ವೋಲ್ಟ್‌ನ ಒಗಟು

ಹೆಡ್‌ಫೋನ್ ಚುಚ್ಚುವ ಮೊದಲು ಬಯಾಸ್ ಅಳೆಯಬೇಕು. ಸಾಕೆಟ್ಟಿನಲ್ಲಿ 580 ವೋಲ್ಟ್ ಬರಬೇಕಿತ್ತು. ಮೀಟರ್ ತೋರಿಸಿದ್ದು 395. ಸರ್ಕ್ಯೂಟ್ ಮತ್ತೆ ಪರಿಶೀಲಿಸಿದೆ, ಎಲ್ಲ ಸರಿ. ಬಯಾಸ್ ಏರಿಸಲು ಪುಟ್ಟ ಟ್ರಿಮ್ಮರ್ ಇತ್ತು. ಅದನ್ನು ತಿರುಗಿಸಿ ಮೀಟರಿನಲ್ಲಿ 580 ಬರುವವರೆಗೆ ಏರಿಸಿಬಿಡುವುದೆಂದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ಅಪ್ಪನ ವಿಡಿಯೊ ಕಾಲ್ ಬಂತು. ಭಾನುವಾರ ರಾತ್ರಿ ಎಂಟೂವರೆಗೆ ಮೊಮ್ಮಗಳ ಮುಖ ನೋಡಲು ಬರುವ ಕರೆ.

ಮಗಳು ಮಲಗಿದ್ದಳು. ನಾನೇ ಮಾತಾಡಿದೆ. ಏನೋ ಮಾಡುತ್ತಿದ್ದೀಯಲ್ಲ ಎಂದರು, ಹೇಳಿದೆ. ಸರ್ಕ್ಯೂಟ್ ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿದೆ. ಕನ್ನಡಕ ಹಣೆಗೇರಿಸಿ, ಇಳಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ನಿನ್ನ ಮೀಟರ್ ಎಷ್ಟು ಕುಡಿಯುತ್ತೆ?’

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರ ಕಾಲದ ಮುಳ್ಳಿನ ಮೀಟರುಗಳು ಅಳೆಯುವ ವೋಲ್ಟೇಜನ್ನೇ ಒಂದಿಷ್ಟು ಕುಡಿಯುತ್ತಿದ್ದವು. ಒಳ್ಳೆಯ ಮೀಟರ್ ಎಂದರೆ ಒಂದು ವೋಲ್ಟಿಗೆ 20 ಸಾವಿರ ಓಮ್, ಅಗ್ಗದ್ದು ಒಂದು ಸಾವಿರ. ದೊಡ್ಡ ರೆಸಿಸ್ಟರಿನ ಆಚೆ ಬದಿ ಅಳೆದರೆ ಯಾವತ್ತೂ ಸುಳ್ಳೇ ಹೇಳುತ್ತಿದ್ದವು. ಮೆಕ್ಯಾನಿಕ್ ಆದವನು ಸುಳ್ಳಿನ ಪ್ರಮಾಣ ಎಷ್ಟೆಂದು ತಿಳಿದಿರಬೇಕಿತ್ತು. ಹೊಸಬರು ಆ ಸುಳ್ಳನ್ನು ನಂಬಿ ಸರಿಯಿದ್ದ ವಾಲ್ವನ್ನು ಕಿತ್ತುಹಾಕುತ್ತಿದ್ದರಂತೆ.

ಕಾಗದದ ಮೇಲೆ ಲೆಕ್ಕ ಹಾಕಿದೆ. ಸಾಕೆಟ್ಟಿಗೆ ಮೊದಲು 4.7 ಮೆಗಾ ಓಮ್‌ನ ರಕ್ಷಣಾ ರೆಸಿಸ್ಟರ್ ಇದೆ. ನನ್ನ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾ ಓಮ್. 580ನ್ನು 10ರಿಂದ ಗುಣಿಸಿ 14.7ರಿಂದ ಭಾಗಿಸಿದರೆ 395. ಸರ್ಕ್ಯೂಟ್ ಸರಿಯಾಗಿಯೇ ಇತ್ತು, ನನ್ನ ಮೀಟರ್ ಕುಡಿಯುತ್ತಿತ್ತು. ರೆಸಿಸ್ಟರಿನ ಹಿಂದಿನ ಕೆಪಾಸಿಟರ್ ಮೇಲೆ ಅಳೆದಾಗ 581.

ಕರೆ ಐದು ನಿಮಿಷ ತಡವಾಗಿದ್ದರೆ? ಮೀಟರಿನಲ್ಲಿ 580 ಕಾಣುವಂತೆ ತಿರುಗಿಸಿದ್ದರೆ ನಿಜವಾದ ಬಯಾಸ್ 850 ವೋಲ್ಟ್ ದಾಟಿರುತ್ತಿತ್ತು. ಪೊರೆ ಹೋಗಿ ತಟ್ಟೆಗೆ ಅಂಟಿಕೊಂಡು, ಕಿಡಿ ಹಾರಿ, ತಿಂಗಳ ಸಂಬಳದ ಹೆಡ್‌ಫೋನ್ ಚಟ್ ಎಂದಿರುತ್ತಿತ್ತು. ಬಿ.ಇ. ಮೊದಲ ವರ್ಷದಲ್ಲಿ ಮೀಟರ್ ಲೋಡಿಂಗ್ ಪಾಠ ಓದಿ ಪರೀಕ್ಷೆಯಲ್ಲಿ ಬರೆದವನು ನಾನು. ಎಸ್ಸೆಸ್ಸೆಲ್ಸಿ ಓದಿದ ಅಪ್ಪನಿಗೆ ಅದು ಬೆರಳ ತುದಿಯಲ್ಲಿತ್ತು.

ಸಂಜೆಯ ಗುಂಯ್

ಆಂಪ್ಲಿಫೈಯರ್ ಹಾಡತೊಡಗಿತು. ಹಾಡಿತು ಎಂದರೆ, ಹಗಲಿನಲ್ಲಿ ಮತ್ತು ಸರಿರಾತ್ರಿಯಲ್ಲಿ. ಬೇಸಿಗೆಯ ಸಂಜೆ ಏಳರಿಂದ ಹತ್ತರವರೆಗೆ ಹಿಂದೆ ಗುಂಯ್ ಎಂಬ ಸಣ್ಣ ಶ್ರುತಿ. ಆಸಿಲೋಸ್ಕೋಪಿನಲ್ಲಿ ನೋಡಿದರೆ 100 ಹರ್ಟ್ಸ್. ನಮ್ಮ ಕರೆಂಟು 50 ಹರ್ಟ್ಸ್. ರೆಕ್ಟಿಫೈ ಆದಾಗ ಅಲೆಗಳು ದುಪ್ಪಟ್ಟು. ಅಂದರೆ ರೆಗ್ಯುಲೇಟರ್ ಸೋಲುತ್ತಿದೆ.

ಅಳೆದಾಗ ಗೊತ್ತಾಯಿತು. ಎಲ್ಲರ ಮನೆಯ ಎ.ಸಿ. ಓಡುವ ಆ ಹೊತ್ತಿಗೆ ನಮ್ಮ ಬೀದಿಯ ವೋಲ್ಟೇಜ್ 195ಕ್ಕೆ ಇಳಿಯುತ್ತಿತ್ತು. ನನ್ನ 500 ವೋಲ್ಟ್ ಆಗ 420 ಆಗುತ್ತದೆ. 420ರ ತೊಟ್ಟಿಯಿಂದ 450ರ ನಲ್ಲಿಗೆ ನೀರು ಎಲ್ಲಿಂದ ಬರಬೇಕು? ಸ್ಟೆಬಿಲೈಸರ್ ತರೋಣವೆಂದುಕೊಂಡೆ. ಕೊನೆಗೆ ರೈಲುಗಳನ್ನೇ 400 ವೋಲ್ಟಿಗೆ ಇಳಿಸಿದೆ. ಗುಂಯ್ ಹೋಯಿತು. ಶಬ್ದದ ಗರಿಷ್ಠ ಮಟ್ಟ ಒಂದು ಡೆಸಿಬಲ್‌ನಷ್ಟು ಕಡಿಮೆಯಾಯಿತು, ಅದನ್ನು ಯಾವ ಕಿವಿಯೂ ಕೇಳಿಲ್ಲ. ಜಪಾನಿಗೋ ಅಮೆರಿಕಕ್ಕೋ ಹೊಂದುವ ಪೆಟ್ಟಿಗೆಯನ್ನು ಬನಾರಸಿಗೆ ಹೊಂದಿಸುವುದು ಎಂದರೆ ಇಷ್ಟೇ. ಊರಿನ ವೋಲ್ಟೇಜಿಗೆ ನಾವು ಸ್ವಲ್ಪ ಇಳಿಯಬೇಕು.

ಅಪ್ಪ ಬಂದರು

ಮುಂದಿನ ಏಪ್ರಿಲ್‌ನಲ್ಲಿ ಅಪ್ಪ ಕಾಶಿಗೆ ಬಂದರು. ವಿಶ್ವನಾಥನ ದರ್ಶನ, ಜಂಗಮವಾಡಿ ಮಠ, ಹನುಮಾನ್ ಘಾಟ್ ಪಕ್ಕದ ಕರ್ನಾಟಕ ಘಾಟ್ ಎಲ್ಲ ಆಯಿತು. ಸಂಕಟ ಮೋಚನ ದೇವಸ್ಥಾನದಲ್ಲಿ ಸಂಗೀತ ಸಮಾರೋಹ ನಡೆಯುತ್ತಿತ್ತು. 1923ರಿಂದ ನಡೆದುಬಂದಿರುವ, ಟಿಕೆಟ್ ಇಲ್ಲದ, ಬೆಳಗಾಗುವವರೆಗಿನ ಸಂಗೀತ. ನೆಲದ ಮೇಲೆ ಕೂತು ರಾತ್ರಿ ಎರಡರವರೆಗೆ ಕೇಳಿ, ‘ಮೈಕಿನವನು ಟ್ರೆಬಲ್ ಜಾಸ್ತಿ ಇಟ್ಟಿದ್ದಾನೆ’ ಎಂದರು.

ಮರುದಿನ ನನ್ನ ಪೆಟ್ಟಿಗೆ ತೋರಿಸಲು ತುದಿಗಾಲಲ್ಲಿದ್ದೆ. ಅವರು ಪೆಟ್ಟಿಗೆಯನ್ನು ನೋಡಲೇ ಇಲ್ಲ. ಅದರ ವೈರು ಹಿಡಿದು ಗೋಡೆಯ ಸಾಕೆಟ್ಟಿನವರೆಗೆ ಹೋದರು.

‘ಅರ್ತ್ ಇದೆಯಾ?’

‘ಮೂರು ಪಿನ್ ಇದೆಯಲ್ಲ ಅಪ್ಪ.’

‘ಪಿನ್ ಇದ್ದರೆ ಅರ್ತ್ ಇದ್ದ ಹಾಗಾ?’

ನನ್ನ 60 ವ್ಯಾಟ್ ಬಲ್ಬನ್ನೇ ಹೋಲ್ಡರಿಗೆ ಹಾಕಿ ಎರಡು ವೈರು ಹೊರತೆಗೆದರು. ಫ್ರಿಜ್, ವಾಷಿಂಗ್ ಮಷೀನ್, ಗೀಸರ್ ಎಲ್ಲದರ ಪ್ಲಗ್ ಮೊದಲು ಕೀಳಿಸಿದರು. ಅರ್ತ್ ಸತ್ತಿದ್ದರೆ ಈ ಪರೀಕ್ಷೆಯ ಕರೆಂಟು ಆ ಡಬ್ಬಗಳ ಮೈಗೆ ಹರಿಯುತ್ತದೆ ಎಂಬ ಎಚ್ಚರ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಬಲ್ಬ್ ಉರಿಯಿತು. ಫೇಸ್ ಮತ್ತು ಅರ್ತ್ ನಡುವೆ ಮಿಣಕ್ ಎನ್ನಲಿಲ್ಲ. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದೆವು. ಅರ್ತ್ ಪಿನ್ನಿಗೆ ಬೆರಳುದ್ದದ ಹಸಿರು ವೈರು ಇತ್ತು. ಅದರ ಇನ್ನೊಂದು ತುದಿ ಗೋಡೆಯೊಳಗೆ ಯಾವುದಕ್ಕೂ ಸೇರಿರಲಿಲ್ಲ.

ಹೆಡ್‌ಫೋನಿನ ಬಯಾಸ್ 580 ವೋಲ್ಟ್ ಎಂದು ಜನ ಹೆದರುತ್ತಾರೆ. 4.7 ಮೆಗಾ ಓಮ್ ದಾಟಿ ಅದರಿಂದ ಬರಬಹುದಾದ ಕರೆಂಟು ಹೆಚ್ಚೆಂದರೆ 0.12 ಮಿಲಿ ಆಂಪಿಯರ್. ನಿಜವಾದ ಅಪಾಯ ಪೆಟ್ಟಿಗೆಯೊಳಗಿನ ರೈಲುಗಳದ್ದು, ತಟ್ಟೆಗಳಿಗೆ ಹೋಗುವ ತಂತಿಗಳದ್ದು. ಏನಾದರೂ ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಗುಲಿದರೆ ಕಾಪಾಡುವುದು ಅರ್ತ್ ಒಂದೇ ಎಂದು ನಾನು ದಪ್ಪ ತಂತಿ ಹಾಕಿ, ನಟ್ಟು ಬಿಗಿದು, ಮೀಟರಿನಲ್ಲಿ ಪರೀಕ್ಷಿಸಿದ್ದೆ. ಪ್ಲಗ್ಗಿನ ಪಿನ್ನಿನವರೆಗೆ ಎಲ್ಲವೂ ಅಚ್ಚುಕಟ್ಟು. ಅದರಾಚೆ ಏನಿದೆ ಎಂದು ನೋಡಿರಲಿಲ್ಲ.

ಆಗ ಹೆಂಡತಿ ಅಡುಗೆಮನೆಯಿಂದ ಹೇಳಿದ ಮಾತು ಇನ್ನೂ ಚುಚ್ಚುತ್ತದೆ. ‘ವಾಷಿಂಗ್ ಮಷೀನು ಒದ್ದೆ ಕೈಗೆ ಜುಮ್ ಅನ್ನುತ್ತೆ ಅಂತ ಮೂರು ವರ್ಷದಿಂದ ಹೇಳ್ತಾ ಇದ್ದೀನಿ. ಚಪ್ಪಲಿ ಹಾಕ್ಕೋ ಅಂದಿದ್ರಿ.’

ಹೌದು, ಅಂದಿದ್ದೆ. ಮಷೀನಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಚೂರು ಕರೆಂಟು ಮೈಗೆ ಸೋರುವುದು ಸಹಜ, ಅದನ್ನು ಒಯ್ಯಲೆಂದೇ ಅರ್ತ್ ಇರುವುದು. ಜುಮ್ ಎನ್ನುವುದೇ ಅರ್ತ್ ಇಲ್ಲ ಎಂಬ ದೂರು. ಆಫೀಸಿನಲ್ಲಿ ಅರ್ತ್ ಪಿಟ್‌ಗಳ ರೋಧವನ್ನು ದಶಮಾಂಶ ಸಮೇತ ದಾಖಲಿಸಿ ಸಹಿ ಹಾಕುವ ಎಂಜಿನಿಯರ್ ಮನೆಯಲ್ಲಿ ಕೊಟ್ಟ ಪರಿಹಾರ ಹವಾಯಿ ಚಪ್ಪಲಿ. ಮಗಳು ಅದೇ ಮಷೀನಿಗೆ ಒರಗಿಕೊಂಡು ಆಟವಾಡುತ್ತಾಳೆ. ಅಪ್ಪ ಏನೂ ಅನ್ನಲಿಲ್ಲ. ‘ಇದು ಸರಿಯಾಗುವವರೆಗೆ ನಿನ್ನ ಪೆಟ್ಟಿಗೆ ಹಚ್ಚಬೇಡ’ ಎಂದಷ್ಟೇ ಹೇಳಿ ಪೇಪರ್ ಓದಲು ಕೂತರು.

ಕೊನೆಯ ರಾತ್ರಿ

ಮನೆ ಮಾಲೀಕರು ಒಪ್ಪಲು ಒಂದು ದಿನ, ಕೆಲಸಕ್ಕೆ ಎರಡು ದಿನ ಹಿಡಿಯಿತು. ಹಿತ್ತಲಿನಲ್ಲಿ ಅರ್ತ್ ಎಲೆಕ್ಟ್ರೋಡ್ ಹೂತು, ಪ್ರತಿ ಸಾಕೆಟ್ಟಿಗೂ ಹಸಿರು ವೈರು ಎಳೆಸಿ, ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿದೆ. ಅರ್ಧ ಖರ್ಚು ನನ್ನದು. ಆರ್‌ಸಿಸಿಬಿಗೂ ಒಂದು ಮಿತಿಯಿದೆ. ಟ್ರಾನ್ಸ್‌ಫಾರ್ಮರಿನ ಈಚೆಗಿರುವ ನನ್ನ 400 ವೋಲ್ಟ್ ಯಾರಿಗಾದರೂ ಹೊಡೆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಪೆಟ್ಟಿಗೆಯ ಮುಚ್ಚಳಕ್ಕೆ ಎಂಟು ಸ್ಕ್ರೂ ಇರುವುದು ಅದಕ್ಕೇ.

ಅಪ್ಪನ ರೈಲು ಮರುದಿನ ಬೆಳಿಗ್ಗೆ. ಆ ರಾತ್ರಿ ಹನ್ನೊಂದಕ್ಕೆ ಅವರ ತಲೆಗೆ ಹೆಡ್‌ಫೋನ್ ಇಡುವ ಮೊದಲು ಎಲ್ಲವನ್ನೂ ಇನ್ನೊಮ್ಮೆ ಅಳೆದೆ. ಎರಡು ರೈಲು, ನಾಲ್ಕು ಔಟ್‌ಪುಟ್, ಪೆಟ್ಟಿಗೆಯಿಂದ ಅರ್ತಿಗೆ ರೋಧ. ನನ್ನ ತಲೆಗೆ ಇಟ್ಟುಕೊಳ್ಳುವಾಗ ಇಷ್ಟು ಅಳೆದಿರಲಿಲ್ಲ. ಅವರು ಸುಮ್ಮನೆ ನೋಡುತ್ತಿದ್ದರು. ಎಡಗೈ ಜೇಬಿನಲ್ಲಿದ್ದುದನ್ನು ಗಮನಿಸಿರಬೇಕು.

ಗಂಗೂಬಾಯಿ ಹಾನಗಲ್ ಅವರ ಹಳೆಯ ಧ್ವನಿಮುದ್ರಣ ಹಾಕಿದೆ. ಸಾಗರದ ಅಂಗಡಿಯಲ್ಲಿ ರಿಪೇರಿಯಾದ ಪ್ರತಿ ರೇಡಿಯೊವನ್ನೂ ಧಾರವಾಡ ಸ್ಟೇಷನ್ನಿಗೆ ತಿರುಗಿಸಿ ಅಪ್ಪ ಪರೀಕ್ಷಿಸುತ್ತಿದ್ದರು. ಆ ಗಡಸು ದನಿ ಬಂದರೆ ಸೆಟ್ಟು ಪಾಸು. ಈಗ ಅವರ ಬಲಗಿವಿ ಮಂದ. ಹಿಂದಿನ ದಿನ ಟೋನ್ ಹಾಕಿ ನೋಡಿದ್ದೆ, 8 ಸಾವಿರ ಹರ್ಟ್ಸ್ ಆ ಕಿವಿಗೆ ತಲುಪುವುದೇ ಇಲ್ಲ. ಎಂಟು ತಿಂಗಳು ಬೆವರಿಳಿಸಿ ಗಳಿಸಿದ ಸೂಕ್ಷ್ಮಗಳೆಲ್ಲ ಅವರಿಗೆ ಕೇಳುತ್ತವೋ ಇಲ್ಲವೋ. ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ ಹೆಡ್‌ಫೋನ್ ತೆಗೆದು ಜೋರಾಗಿ ಹೇಳಿದರು: ‘ತಂಬೂರಿಯ ಒಂದು ತಂತಿ ಸ್ವಲ್ಪ ಇಳಿದಿದೆ.’ ಮತ್ತೆ ತಲೆಗೆ ಹಾಕಿಕೊಂಡರು. ಸೆಟ್ಟು ಪಾಸು ಎಂದುಕೊಂಡೆ.

ಹೊರನಾಡಿನ ಬಾಡಿಗೆ ಮನೆಗಳಲ್ಲಿರುವ ಕನ್ನಡಿಗ ಬಂಧುಗಳೇ, ನೀವು ಆಂಪ್ಲಿಫೈಯರ್ ಕಟ್ಟಬೇಕಿಲ್ಲ. ಆದರೆ ಈ ಭಾನುವಾರ ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ ಕರೆಸಿ, ಸಾಕೆಟ್ಟಿನ ಮೂರನೇ ತೂತಿನ ಹಿಂದೆ ವೈರು ಇದೆಯೇ ಎಂದು ನೋಡಿಸಿ. ಮನೆಯವರು ‘ಜುಮ್ ಅನ್ನುತ್ತೆ’ ಎಂದರೆ ಚಪ್ಪಲಿ ಹಾಕಿಕೋ ಎನ್ನಬೇಡಿ.

ನಮ್ಮ ಮನೆಯ ವಾಷಿಂಗ್ ಮಷೀನ್ ಮುಂದಿದ್ದ ಹವಾಯಿ ಚಪ್ಪಲಿ ಈಗ ಬಾಗಿಲ ಹೊರಗಿದೆ.